ಬೇಡ ಅನ್ನೋ ಹಕ್ಕು ಯಾರದು?

(ಸಣ್ಣ ಗುಂಪಿನ ಪ್ರವಾಸಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆನಡಾದ ಪಶ್ಚಿಮ ಕರಾವಳಿಯಾಚೆ ಹೈಡಾ ಗ್ವಾಯಿ ಅಂತ ಒಂದು ದ್ವೀಪಸಮೂಹ ಇದೆ. ಅದರ ದಕ್ಷಿಣ ತುದಿಯಲ್ಲಿ ಸ್ಗಾಂಗ್ ಗ್ವಾಯ್ ಅನ್ನೋ ಹಳೆಯ ಊರು. ಹತ್ತೊಂಬತ್ತನೇ ಶತಮಾನದಲ್ಲಿ ಸಿಡುಬು ಬಂದು ಅಲ್ಲಿನ ಮೂಲನಿವಾಸಿಗಳಾದ ಹೈಡಾ ಜನರಲ್ಲಿ ಬಹುಪಾಲು ಸತ್ತುಹೋದರು. ಉಳಿದವರು ಊರು ಬಿಟ್ಟರು. ಈಗ ಅಲ್ಲಿ ಉಳಿದಿರುವುದು ಸಮುದ್ರಕ್ಕೆ ಮುಖ ಮಾಡಿ ನಿಂತ ಸೀಡರ್ ಮರದ ಕೆತ್ತನೆ ಕಂಬಗಳು, ಪಾಚಿ ಹಿಡಿದ ಮನೆಗಳ ತೊಲೆಗಳು, ಸುತ್ತ ಕಾಡು. 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿಗೆ ರಸ್ತೆ ಇಲ್ಲ. ದೋಣಿಯಲ್ಲೇ ಹೋಗಬೇಕು. ದಡ ಹತ್ತಿರ ಬಂದರೂ ಸುಮ್ನೆ ಇಳಿಯುವ ಹಾಗಿಲ್ಲ. ಬೇಸಿಗೆಯಲ್ಲಿ ಅಲ್ಲೇ ಉಳಿದು ಕಾವಲು ಕಾಯುವ ಹೈಡಾ ಜನ ಇರುತ್ತಾರೆ. ಅವರನ್ನು ವಾಚ್‌ಮೆನ್ ಅಂತಲೇ ಕರೆಯುತ್ತಾರೆ. ಮೊದಲು ರೇಡಿಯೊದಲ್ಲಿ ಅವರನ್ನು ಕರೆದು, ಇಳಿಯಬಹುದಾ ಅಂತ ಕೇಳಬೇಕು. ಒಂದು ಸಲಕ್ಕೆ ದಡದಲ್ಲಿ 12 ಜನಕ್ಕಿಂತ ಜಾಸ್ತಿ ಇರಬಾರದು. ಮುಂಚೆ ಬಂದ ಗುಂಪು ಇನ್ನೂ ಅಲ್ಲಿದ್ದರೆ ನೀವು ನೀರಿನ ಮೇಲೇ ಕಾಯಬೇಕು. ಇಳಿದ ಮೇಲೂ ಕಪ್ಪೆಚಿಪ್ಪು ಜೋಡಿಸಿ ಗುರುತು ಮಾಡಿದ ದಾರಿ ಬಿಟ್ಟು ಆಚೆ ಕಾಲಿಡಬಾರದು.

ಈ 12 ಅನ್ನೋ ಸಂಖ್ಯೆ ನೋಡಿ. ಪ್ರವಾಸ ಕಂಪನಿಗಳ ಜಾಹೀರಾತಿನಲ್ಲೂ ಇದೇ ಸಂಖ್ಯೆ ಬರುತ್ತದೆ. "ಹನ್ನೆರಡೇ ಜನ, ಆಪ್ತ ಅನುಭವ" ಅಂತ. ಕೇಳೋಕೆ ಎರಡೂ ಒಂದೇ ಥರ. ಆದರೆ ಒಂದು, ನೆಲದವರು ಬಂದವರಿಗೆ ಹಾಕಿದ ಮಿತಿ. ಇನ್ನೊಂದು, ಕಂಪನಿ ಗಿರಾಕಿಗೆ ಕೊಡುವ ಸೌಕರ್ಯ. ಸಣ್ಣ ಗುಂಪಿನ ಪ್ರವಾಸ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಗುಂಪು ಎಷ್ಟು ಸಣ್ಣದು ಅನ್ನೋದು ನನಗೆ ಎರಡನೇ ಪ್ರಶ್ನೆ. ಮೊದಲನೆಯದು: ಬೇಡ ಅನ್ನೋ ಹಕ್ಕು ಅಲ್ಲಿ ಯಾರ ಕೈಯಲ್ಲಿದೆ?

ಹೈಡಾ ಜನರಿಗೆ ಈ ಹಕ್ಕು ಸುಲಭವಾಗಿ ಬರಲಿಲ್ಲ. ಖಾಲಿ ಬಿದ್ದ ಹಳೆಯ ಊರುಗಳಿಂದ ಜನ ಏನೇನೋ ಹೊತ್ತೊಯ್ಯುತ್ತಿದ್ದರು. ಅದನ್ನು ತಡೆಯೋಕೆ 1981ರಲ್ಲಿ ಅವರೇ ಕಾವಲು ಶುರು ಮಾಡಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. 1985ರಲ್ಲಿ ಅದೇ ದ್ವೀಪಸಮೂಹದ ಲೈಲ್ ದ್ವೀಪದಲ್ಲಿ ಮರ ಕಡಿಯುವವರ ದಾರಿಗೆ ಅಡ್ಡ ಕುಳಿತರು. 72 ಜನರ ಬಂಧನ ಆಯಿತು. ವಯಸ್ಸಾದ ಹಿರಿಯರೂ ಅದರಲ್ಲಿದ್ದರು. ಆಮೇಲೆ 1993ರಲ್ಲಿ ಕೆನಡಾ ಸರ್ಕಾರದ ಜೊತೆ ಒಂದು ವಿಚಿತ್ರ ಒಪ್ಪಂದ ಆಯಿತು. ಈ ನೆಲ ನಮ್ಮದು ಅಂತ ಹೈಡಾದವರೂ ಬರೆದರು, ನಮ್ಮದು ಅಂತ ಸರ್ಕಾರವೂ ಬರೆಯಿತು, ಎರಡೂ ಅದೇ ಕಾಗದದಲ್ಲಿ. ಜಗಳ ಮುಗಿಯುವವರೆಗೆ ಕಾಯೋದು ಬೇಡ, ಸಮ ಸಂಖ್ಯೆಯಲ್ಲಿ ಕೂತು ಒಟ್ಟಿಗೆ ನೋಡಿಕೊಳ್ಳೋಣ ಅಂತ ತೀರ್ಮಾನಿಸಿದರು. ಇಂಥ ಜಾಣ ಕಾಗದ ನಾನು ಬೇರೆ ಕಂಡಿಲ್ಲ. 2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ ಆ ನೆಲದ ಮೇಲೆ ಹೈಡಾ ಜನರ ಒಡೆತನವನ್ನು ಕಾನೂನಿನಲ್ಲೇ ಒಪ್ಪಿಕೊಂಡಿತು.

ಇವತ್ತು ಪ್ರವಾಸಿ ರೇಡಿಯೊದಲ್ಲಿ ಅನುಮತಿ ಕೇಳೋದರ ಹಿಂದೆ ಇಷ್ಟೆಲ್ಲ ಇದೆ.

ಸಂಖ್ಯೆಯ ವಿಷಯಕ್ಕೆ ಬರೋಣ. ಮಿತಿ ಯಾಕೆ ಬೇಕು ಅನ್ನೋದಕ್ಕೆ ಒಂದೊಂದು ಜಾಗದಲ್ಲಿ ಒಂದೊಂದು ಕಾರಣ. ರುವಾಂಡಾದಲ್ಲಿ ಪರ್ವತ ಗೊರಿಲ್ಲಾಗಳ ಒಂದು ಕುಟುಂಬವನ್ನು ದಿನಕ್ಕೆ 8 ಪ್ರವಾಸಿಗರು ಮಾತ್ರ ನೋಡಬಹುದು, ಅದೂ ಒಂದೇ ಗಂಟೆ. ಜನ ಇದನ್ನು ನೆಮ್ಮದಿಯ ವಿಷಯ ಅಂದುಕೊಳ್ಳುತ್ತಾರೆ. ಅಸಲಿ ಕಾರಣ ನೆಗಡಿ. ನಮಗೂ ಅವಕ್ಕೂ ರಕ್ತಸಂಬಂಧ ಎಷ್ಟು ಹತ್ತಿರ ಅಂದರೆ ನಮ್ಮ ಕೆಮ್ಮು ಅವಕ್ಕೆ ಅಂಟುತ್ತದೆ, ಪ್ರಾಣಕ್ಕೂ ಕುತ್ತಾಗುತ್ತದೆ. ನೆಗಡಿ ಇದ್ದವರನ್ನು ಎಷ್ಟೇ ದುಡ್ಡು ಕೊಟ್ಟಿದ್ದರೂ ವಾಪಸ್ ಕಳಿಸಬಹುದು. ಆ ದುಡ್ಡು ಕಮ್ಮಿಯೇನಲ್ಲ. 2017ರಿಂದ ಒಬ್ಬರ ಪರ್ಮಿಟ್‌ಗೆ 1,500 ಡಾಲರ್.

ದಕ್ಷಿಣ ಅಮೆರಿಕದಾಚೆಯ ಗಲಾಪಗೋಸ್ ದ್ವೀಪಗಳಲ್ಲಿ ಒಬ್ಬ ಗೈಡ್‌ಗೆ ಹೆಚ್ಚೆಂದರೆ 16 ಜನ. ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕು. ಅಲ್ಲಿನ ತೊಂದರೆ ಏನು ಗೊತ್ತಾ, ಪ್ರಾಣಿಗಳಿಗೆ ಮನುಷ್ಯರ ಭಯ ಇಲ್ಲ. ಕಡಲಸಿಂಹ ದಾರಿಯಲ್ಲೇ ಮಲಗಿರುತ್ತದೆ. ಹಕ್ಕಿ ಕಾಲಬುಡದಲ್ಲೇ ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ. ಅದು ಓಡಿಹೋಗಲ್ಲ, ನಾವೇ ಸರಿಯಬೇಕು. ಹದಿನಾರು ಜನರನ್ನಾದರೆ ಒಬ್ಬ ಗೈಡ್ ಹೇಗೋ ನೋಡಿಕೊಳ್ಳಬಹುದು. ಐವತ್ತು ಜನ ಆದರೆ ಆಗಲ್ಲ.

ಪೆರುವಿನಲ್ಲಿ ಮಾಚು ಪಿಚುಗೆ ನಡೆದು ಹೋಗುವ ಇಂಕಾ ದಾರಿಯಲ್ಲಿ ದಿನಕ್ಕೆ 500 ಜನ. ಇದರಲ್ಲಿ ಪ್ರವಾಸಿಗರು ಸುಮಾರು ಇನ್ನೂರು, ಉಳಿದವರು ಗೈಡ್, ಅಡುಗೆಯವರು, ಹೊರೆ ಹೊರುವವರು. ಒಬ್ಬ ಪೋರ್ಟರ್ ಬೆನ್ನಿನ ಮೇಲೆ 20 ಕಿಲೋಗಿಂತ ಜಾಸ್ತಿ ಹೇರಬಾರದು ಅಂತ 2001ರಲ್ಲಿ ಕಾನೂನು ಮಾಡಿದರು. ಕಾನೂನು ಮಾಡಬೇಕಾಗಿ ಬಂತು ಅಂದರೆ ಮುಂಚೆ ಎಷ್ಟು ಹೇರುತ್ತಿದ್ದರು ಅಂತ ನೀವೇ ಯೋಚಿಸಿ. ಹೊರುವವರಲ್ಲಿ ಬಹಳ ಜನ ಕ್ವೆಚುವಾ ಮಾತಾಡುವ ಬೆಟ್ಟದ ರೈತರು. ಮೂಲನಿವಾಸಿಗಳ ಸಂಸ್ಕೃತಿ ನೋಡೋಕೆ ಹೋದವರ ಟೆಂಟು, ಕುರ್ಚಿ, ಗ್ಯಾಸ್ ಒಲೆ ಹೊತ್ತುಕೊಂಡು ಮುಂದೆ ಓಡುತ್ತಿರುವವರೇ ಆ ಮೂಲನಿವಾಸಿಗಳು. ಸಂಜೆ ಕ್ಯಾಂಪಿಗೆ ಬಂದಾಗ ಊಟ ಬಿಸಿಯಾಗಿರುತ್ತದೆ. ಮಾಡಿದವರ ಹೆಸರು ಎಷ್ಟು ಜನ ಕೇಳುತ್ತಾರೆ?

ಅಮೆರಿಕದ ಅರಿಜೋನಾದಲ್ಲಿ ಆಂಟಿಲೋಪ್ ಕಣಿವೆ ಇದೆ. ನೀವು ಫೋಟೊದಲ್ಲಿ ಖಂಡಿತ ನೋಡಿರುತ್ತೀರಿ. ಕಿತ್ತಳೆ ಬಣ್ಣದ ಕಲ್ಲು, ಅಲೆ ಅಲೆ ಗೋಡೆ, ಮೇಲಿನ ಸಂದಿಯಿಂದ ಇಳಿಯುವ ಬೆಳಕು. ಅದು ನವಾಹೋ ಮೂಲನಿವಾಸಿಗಳ ನೆಲ. ಅಲ್ಲಿ ಮಳೆ ಬೀಳಬೇಕಾಗಿಲ್ಲ, ಮೈಲುಗಟ್ಟಲೆ ದೂರ ಬಿದ್ದರೂ ಸಾಕು, ಆ ನೀರೆಲ್ಲ ಈ ಸಂದಿಯಲ್ಲಿ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಹಾಗೇ ಆಗಿ 11 ಪ್ರವಾಸಿಗರು ಸತ್ತರು. ಈಗ ನವಾಹೋ ನೇಷನ್, ಅಂದರೆ ಅವರದೇ ಆಡಳಿತ, ಒಪ್ಪಿದ ಗೈಡ್ ಇಲ್ಲದೆ ಯಾರಿಗೂ ಒಳಗೆ ಬಿಡಲ್ಲ. ಒಂದು ಮಾತು ಹೇಳಲೇಬೇಕು. ಗೈಡ್ ಸ್ಥಳೀಯರು, ನೆಲ ಅವರದು, ನಿಯಮ ಅವರದು, ಇಷ್ಟೆಲ್ಲ ಇದ್ದರೂ ಅಲ್ಲಿ ಗಲಾಟೆ ಜೋರು. ಗುಂಪಿನ ಹಿಂದೆ ಗುಂಪು, ಫೋಟೊ ತೆಗೆದು ಮುಂದೆ ನಡೀರಿ ಅನ್ನೋ ಅವಸರ. ನಮಗೆ ಇಷ್ಟ ಆಗದಿರಬಹುದು. ಎಷ್ಟು ಜನರನ್ನು ಬಿಡಬೇಕು ಅನ್ನೋದನ್ನು ಅವರು ತೀರ್ಮಾನ ಮಾಡಿದ್ದಾರೆ, ಅಷ್ಟೆ. ಹೌದು ಅನ್ನೋ ಹಕ್ಕೂ ಅವರದೇ ಅಲ್ವಾ?

ಈಗ ಉಲುರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಆಸ್ಟ್ರೇಲಿಯಾದ ನಡುಮಧ್ಯೆ, ಬಯಲಿನಿಂದ 348 ಮೀಟರ್ ಎದ್ದು ನಿಂತ ಕೆಂಪು ಬಂಡೆ. ಅಲ್ಲಿನ ಮೂಲನಿವಾಸಿಗಳು ಅನಂಗು. ಆ ಬಂಡೆಯ ಒಂದೊಂದು ಗುಹೆ, ಬಿರುಕು, ನೀರಿನ ಗುಂಡಿಗೂ ಅವರಲ್ಲಿ ಒಂದೊಂದು ಕಥೆ ಇದೆ. ಈ ಕಥೆಗಳೇ ಅವರಿಗೆ ಕಾನೂನು, ನಡವಳಿಕೆ, ಭೂಗೋಳ ಎಲ್ಲವೂ. ಚುಕುರ್ಪ ಅಂತ ಕರೆಯುತ್ತಾರೆ. ಎಲ್ಲ ಕಥೆ ಎಲ್ಲರಿಗೂ ಅಲ್ಲ. ಕೆಲವು ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ, ಕೆಲವು ಒಂದು ಹಂತ ದಾಟಿದವರಿಗೆ ಮಾತ್ರ.

1964ರಲ್ಲಿ ಬಂಡೆಗೆ ಸರಪಳಿ ಹಾಕಿದರು, ಪ್ರವಾಸಿಗರು ಹಿಡಿದು ಹತ್ತಲಿ ಅಂತ. ಆ ದಾರಿ ಅನಂಗು ಪೂರ್ವಜರ ಪವಿತ್ರ ದಾರಿಗೆ ಅಡ್ಡ ಬರುತ್ತಿತ್ತು. 1985ರ ಅಕ್ಟೋಬರ್ 26ರಂದು ಸರ್ಕಾರ ನೆಲವನ್ನು ಅನಂಗು ಜನರಿಗೆ ವಾಪಸ್ ಕೊಟ್ಟಿತು. ಆದರೆ ಒಂದು ಷರತ್ತಿತ್ತು. ಅವರು ಅದನ್ನು ಕೂಡಲೇ 99 ವರ್ಷಕ್ಕೆ ರಾಷ್ಟ್ರೀಯ ಉದ್ಯಾನವನಕ್ಕೆ ಗುತ್ತಿಗೆ ಕೊಡಬೇಕಿತ್ತು. ಉದ್ಯಾನವನದ ಮಂಡಳಿಯಲ್ಲಿ ಅನಂಗು ಜನರದ್ದೇ ಬಹುಮತ. ಆದರೂ ಹತ್ತುವುದು ನಿಲ್ಲಲಿಲ್ಲ. ದಯವಿಟ್ಟು ಹತ್ತಬೇಡಿ ಅಂತ ಬೋರ್ಡು ಹಾಕಿದರು. ಜನ ಬೋರ್ಡಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹತ್ತಿದರು.

ಜಾರಿ ಬಿದ್ದು, ಹೃದಯಾಘಾತ ಆಗಿ, ಹತ್ತುವಾಗ ಸತ್ತವರೇ ಮೂವತ್ತಕ್ಕೂ ಜಾಸ್ತಿ. ಅನಂಗು ಜನ ಇದನ್ನು ಹೇಗೆ ನೋಡುತ್ತಾರೆ ಅಂದರೆ, ನಮ್ಮ ನೆಲಕ್ಕೆ ಬಂದವರ ಜೀವಕ್ಕೆ ನಾವು ಹೊಣೆ. ಒಬ್ಬರು ಸತ್ತರೆ ಅವರಿಗೆ ಅದು ಸೂತಕ, ಸಂಕಟ. ಹತ್ತಬೇಡಿ ಅನ್ನೋದರಲ್ಲಿ ಪವಿತ್ರತೆಯ ಮಾತು ಮಾತ್ರ ಇರಲಿಲ್ಲ. ಆತಿಥೇಯರ ಕಾಳಜಿಯೂ ಇತ್ತು. ಇದು ಬಹಳ ಜನಕ್ಕೆ ಗೊತ್ತಾಗಲೇ ಇಲ್ಲ.

ಉದ್ಯಾನವನದ 2010ರ ಯೋಜನೆಯಲ್ಲಿ, ಬಂದವರಲ್ಲಿ ಹತ್ತುವವರು ನೂರಕ್ಕೆ ಇಪ್ಪತ್ತಕ್ಕಿಂತ ಕಮ್ಮಿಯಾದರೆ ಮುಚ್ಚಬಹುದು ಅಂತ ಬರೆದಿದ್ದರು. ಅಷ್ಟಕ್ಕೆ ಇಳಿಯಿತು. 2017ರಲ್ಲಿ ಮಂಡಳಿ ಒಮ್ಮತದಿಂದ ಮುಚ್ಚುವ ತೀರ್ಮಾನ ಮಾಡಿತು. 2019ರ ಅಕ್ಟೋಬರ್ 26, ಅಂದರೆ ನೆಲ ವಾಪಸ್ ಬಂದ ದಿನಕ್ಕೆ ಸರಿಯಾಗಿ 34 ವರ್ಷ ಆದಾಗ, ಹತ್ತುವುದು ಶಾಶ್ವತವಾಗಿ ನಿಂತಿತು. ಅದಕ್ಕೂ ಮುಂಚಿನ ವಾರಗಳಲ್ಲಿ ಏನಾಯಿತು ಗೊತ್ತಾ? ಇನ್ನು ಸಿಗಲ್ಲ ಅಂತ ಉದ್ದದ ಸಾಲು ನಿಂತಿತು. ನನಗೆ ಆ ಫೋಟೊಗಳನ್ನು ನೋಡಿದಾಗ ಸಿಟ್ಟು ಬರಲಿಲ್ಲ, ನಾಚಿಕೆ ಆಯಿತು. ಆ ಸಾಲಿನಲ್ಲಿ ನಿಂತವರು ಕೆಟ್ಟವರೇನಲ್ಲ, ನಮ್ಮ ನಿಮ್ಮಂಥವರೇ.

ಅಲ್ಲಿ ಈಗ ಸಣ್ಣ ಗುಂಪಿನಲ್ಲಿ ಅನಂಗು ಗೈಡ್ ಜೊತೆ ಹೋದರೆ ಸಿಗುವುದು ಏನು? ಬುಡದ ಸುತ್ತ ನಡೆಯುತ್ತೀರಿ. ಒಂದು ಕಡೆ ನಿಂತು ಕಥೆ ಹೇಳುತ್ತಾರೆ. ಇನ್ನೊಂದು ಕಡೆ ಸುಮ್ಮನೆ ದಾಟಿ ಹೋಗುತ್ತಾರೆ. ಇಲ್ಲೇನಿದೆ ಅಂತ ಕೇಳಿದರೆ, ಅದನ್ನು ನಿಮಗೆ ಹೇಳಲ್ಲ ಅನ್ನುತ್ತಾರೆ. ಕೆಲವು ಜಾಗಗಳಲ್ಲಿ ಕ್ಯಾಮೆರಾ ಕೆಳಗಿಡಿ ಅಂತ ಬೋರ್ಡು. ನಮಗೆ ಸ್ವಲ್ಪ ಚುಚ್ಚುತ್ತದೆ. ದುಡ್ಡು ಕೊಟ್ಟಿದ್ದೇವೆ, ಇಷ್ಟು ದೂರ ಬಂದಿದ್ದೇವೆ ಅನಿಸುತ್ತದೆ. ಮನೆಗೆ ಬಂದ ನೆಂಟರನ್ನು ನಾವು ನಡುಮನೆಯಲ್ಲಿ ಕೂರಿಸಿ ಕಾಫಿ ಕೊಡುತ್ತೇವೆ, ಬೀರುವಿನ ಕೀ ಕೊಡಲ್ಲ. ಇದೂ ಅಷ್ಟೇ. ನನಗೆ ಆ "ಹೇಳಲ್ಲ" ಅನ್ನೋ ಮಾತೇ ಆ ಪ್ರವಾಸದ ಗಟ್ಟಿ ಭಾಗ ಅನಿಸುತ್ತದೆ. ಅಲ್ಲಿ ಒಂದು ಜೀವಂತ ಸಮಾಜ ಇದೆ, ಅದಕ್ಕೆ ತನ್ನದೇ ಗುಟ್ಟು ಇದೆ, ಅದು ನಮಗೋಸ್ಕರ ಇಲ್ಲ ಅನ್ನೋದು ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಉಲುರುವಿನಿಂದ ಕಲ್ಲು, ಮಣ್ಣು ಜೇಬಿಗೆ ಹಾಕಿಕೊಂಡು ಹೋದವರು ವರ್ಷಗಳ ಮೇಲೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಜೊತೆಗೆ ಕ್ಷಮೆ ಕೇಳಿ ಕಾಗದ. ಕೆಲವರು ಆ ಕಲ್ಲು ಮನೆಗೆ ಬಂದ ಮೇಲೆ ಕೆಟ್ಟದ್ದಾಯಿತು ಅಂತ ಬರೆಯುತ್ತಾರೆ. ಉದ್ಯಾನವನದವರು ಇವಕ್ಕೆ ಕ್ಷಮೆಯ ಕಲ್ಲುಗಳು ಅಂತಲೇ ಹೆಸರಿಟ್ಟಿದ್ದಾರೆ. ದಯವಿಟ್ಟು ಎಲ್ಲಿಂದಲೂ ಕಲ್ಲು ತರಬೇಡಿ. ಅಂಚೆ ಖರ್ಚೂ ಉಳಿಯುತ್ತದೆ.

ಮೂಲನಿವಾಸಿಗಳೇ ಗೈಡ್ ಆಗುವುದು ಹೊಸ ಕಾಲದ ಒಳ್ಳೆಯತನ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನ್ಯೂಜಿಲೆಂಡಿನ ರೊಟೊಮಹಾನ ಕೆರೆಯ ಬಳಿ ಗುಲಾಬಿ ಮತ್ತು ಬಿಳಿ ಬಣ್ಣದ ಮೆಟ್ಟಿಲು ಮೆಟ್ಟಿಲಾದ ಸಿಲಿಕಾ ಹಾಸುಗಳಿದ್ದವು. ಬಿಸಿನೀರಿನ ಬುಗ್ಗೆಗಳು ಕಟ್ಟಿದ ಹಾಸು. 1870, 80ರ ದಶಕದಲ್ಲೇ ಯುರೋಪಿನಿಂದ ಹಡಗಿನಲ್ಲಿ ಜನ ಅದನ್ನು ನೋಡೋಕೆ ಬರುತ್ತಿದ್ದರು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಲ್ಲಿ ಟುಹೌರಂಗಿ ಪಂಗಡದವರು ಇಡೀ ವ್ಯವಹಾರವನ್ನು ಕೈಯಲ್ಲಿಟ್ಟುಕೊಂಡಿದ್ದರು. ದೋಣಿ ಅವರದು, ಗೈಡ್ ಅವರದು, ಶುಲ್ಕ ಅವರದು. ಗೈಡ್‌ಗಳಲ್ಲಿ ಹೆಸರಾದವರು ಹೆಂಗಸರು. ಸೋಫಿಯಾ ಹಿನೆರಂಗಿ ಅನ್ನುವವರು ಇಂಗ್ಲಿಷ್ ಚೆನ್ನಾಗಿ ಬಲ್ಲವರು. 1886ರ ಜೂನ್ 10ರಂದು ಇನ್ನೂ ಬೆಳಕು ಹರಿಯುವ ಮುಂಚೆ ತರವೇರಾ ಬೆಟ್ಟ ಸ್ಫೋಟಿಸಿತು. ಹಾಸುಗಳು ಹೋದವು, ಸುತ್ತಲಿನ ಊರುಗಳು ಹೂತುಹೋದವು, ನೂರಕ್ಕೂ ಹೆಚ್ಚು ಜನ ಸತ್ತರು. ಸೋಫಿಯಾ ಅವರ ಮನೆ ಗಟ್ಟಿಯಾಗಿ ನಿಂತಿತು. ಆ ರಾತ್ರಿ ಅದರೊಳಗೆ ಸೇರಿದ ಹತ್ತಾರು ಜನ ಉಳಿದುಕೊಂಡರು.

ಆಮೇಲೆ ಸೋಫಿಯಾ ವಾಕರೆವಾರೆವಾ ಕಣಿವೆಗೆ ಬಂದು ಮತ್ತೆ ಗೈಡ್ ಆದರು. ಅಲ್ಲೇ ಗೈಡ್ ಆಗಿದ್ದ ಇನ್ನೊಬ್ಬರು ಮಾಕೆರೆಟಿ ಪಪಕುರ. 1901ರಲ್ಲಿ ಬ್ರಿಟಿಷ್ ರಾಜಕುಮಾರ ದಂಪತಿಗೆ ಕಣಿವೆ ತೋರಿಸಿದವರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಮಾನವಶಾಸ್ತ್ರ ಓದಿ ತಮ್ಮ ಜನರ ಬಗ್ಗೆ ತಾವೇ ಬರೆದರು. 1930ರಲ್ಲಿ ತೀರಿಕೊಂಡರು, ಪುಸ್ತಕ ಆಮೇಲೆ ಅಚ್ಚಾಯಿತು. ಬೇರೆಯವರು ಬಂದು ತನ್ನ ಜನರನ್ನು ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ ಒಬ್ಬ ಗೈಡ್ ಪೆನ್ನು ತೆಗೆದುಕೊಂಡದ್ದು ಸಣ್ಣ ಸಂಗತಿ ಅಲ್ಲ. ಇವತ್ತಿಗೂ ವಾಕರೆವಾರೆವಾದಲ್ಲಿ ಜನ ವಾಸ ಇದ್ದಾರೆ, ನೆಲದ ಬಿಸಿಯಲ್ಲೇ ಅಡುಗೆ ಬೇಯಿಸುತ್ತಾರೆ, ಬಂದವರಿಗೆ ಊರು ತೋರಿಸುತ್ತಾರೆ.

ಇನ್ನು ಕೆಟ್ಟ ಕಡೆ. ಥಾಯ್ಲೆಂಡಿನ ಉತ್ತರದಲ್ಲಿ ಕಯಾನ್ ಹೆಂಗಸರ ಹಳ್ಳಿಗಳಿವೆ. ಕುತ್ತಿಗೆಗೆ ಹಿತ್ತಾಳೆಯ ಸುರುಳಿ ಹಾಕಿಕೊಳ್ಳುವವರು. ಇವರು ಮ್ಯಾನ್ಮಾರ್‌ನ ಯುದ್ಧದಿಂದ ಓಡಿಬಂದ ನಿರಾಶ್ರಿತರು. ಹಳ್ಳಿಗೆ ಪ್ರವೇಶ ಟಿಕೆಟ್ ಇದೆ. ಪ್ರವಾಸಿಗರು ಬಂದು ಫೋಟೊ ತೆಗೆದು ಹೋಗುತ್ತಾರೆ. ಕೆಲವರಿಗೆ ಬೇರೆ ದೇಶದಲ್ಲಿ ನೆಲೆ ಕೊಡೋಕೆ ಒಪ್ಪಿಗೆ ಸಿಕ್ಕಿದ್ದರೂ ಹೋಗಲು ಬಿಡುತ್ತಿಲ್ಲ ಅಂತ 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ದೂರಿತು. ಮನುಷ್ಯರ ಮೃಗಾಲಯ ಅನ್ನೋ ಮಾತು ಆಗ ಎದ್ದಿತು. ಇಲ್ಲಿಗೆ ಐದೇ ಜನರ ಗುಂಪಿನಲ್ಲಿ ಹೋದರೆ ಏನು ಬದಲಾಗುತ್ತದೆ? ಏನೂ ಇಲ್ಲ. ಅಲ್ಲಿನವರಿಗೆ ಬೇಡ ಅನ್ನೋ ಜಾಗವೇ ಇಲ್ಲ.

ಅಂಡಮಾನಿನ ಜಾರವಾ ಜನರ ಕಾಡಿನ ನಡುವೆ ಹೋಗುವ ರಸ್ತೆ ನಿಮಗೆ ಗೊತ್ತಿರಬಹುದು. 2012ರಲ್ಲಿ ಜಾರವಾ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಸುವ ವಿಡಿಯೊ ಹೊರಬಂತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರವಾಸಿಗರ ಓಡಾಟಕ್ಕೆ ತಡೆ ಹಾಕಿತು. ಮಾರ್ಚ್ ಹೊತ್ತಿಗೆ ತಡೆ ತೆರವಾಯಿತು. ಹೊರಗಿನವರ ದಡಾರವೂ ಈ ಜನಕ್ಕೆ ದೊಡ್ಡ ಅಪಾಯ. ಇಲ್ಲಿ ಜವಾಬ್ದಾರಿಯುತ ಪ್ರವಾಸ ಅಂತ ಒಂದು ಇಲ್ಲವೇ ಇಲ್ಲ. ಹೋಗದಿರುವುದೇ ಸರಿ.

ಕಷ್ಟದ ಉದಾಹರಣೆ ಗೊರಿಲ್ಲಾಗಳದ್ದೇ. ಆಗಲೇ ಅವುಗಳ ಪರ್ಮಿಟ್ ಪದ್ಧತಿಯನ್ನು ಮೆಚ್ಚಿ ಮಾತಾಡಿದೆ. ಅದು ಕೆಲಸ ಮಾಡಿದೆ ನಿಜ. ಪರ್ವತ ಗೊರಿಲ್ಲಾಗಳು ಈಗ ಸಾವಿರ ದಾಟಿವೆ, 2018ರಲ್ಲಿ ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದವು. ಆದರೆ ಇದೇ ಗೊರಿಲ್ಲಾಗಳಿರುವ ಉಗಾಂಡಾದ ಬ್ವಿಂಡಿ, ಮ್ಗಹಿಂಗ ಕಾಡುಗಳಲ್ಲಿ ಬಟ್ವಾ ಜನ ಇದ್ದರು. ಬೇಟೆ, ಜೇನು, ಗೆಡ್ಡೆ ಗೆಣಸಿನ ಮೇಲೆ ಬದುಕಿದವರು. 1991ರಲ್ಲಿ ಆ ಕಾಡುಗಳು ರಾಷ್ಟ್ರೀಯ ಉದ್ಯಾನವನ ಆದವು, ಬಟ್ವಾ ಹೊರಗೆ ಬಿದ್ದರು. ಜಮೀನೂ ಇಲ್ಲ, ಕಾಡೂ ಇಲ್ಲ. ಈಗ ಬಟ್ವಾ ಗೈಡ್‌ಗಳು ಪ್ರವಾಸಿಗರನ್ನು ಅದೇ ಕಾಡಿಗೆ ಕರೆದೊಯ್ದು, ನಾವು ಹೀಗೆ ಬೆಂಕಿ ಮಾಡುತ್ತಿದ್ದೆವು, ಹೀಗೆ ಜೇನು ತೆಗೆಯುತ್ತಿದ್ದೆವು ಅಂತ ತೋರಿಸುತ್ತಾರೆ. ನೋಡುಗರು ಹೋದ ಮೇಲೆ ಅವರೂ ಹೊರಗೆ ಬರಬೇಕು. 2021ರಲ್ಲಿ ಉಗಾಂಡಾದ ಸಂವಿಧಾನ ನ್ಯಾಯಾಲಯ ಬಟ್ವಾ ಜನರ ಪರವಾಗಿ ತೀರ್ಪು ಕೊಟ್ಟಿತು, ಪರಿಹಾರ ಕೊಡಬೇಕು ಅಂತು. ಈ ನಡಿಗೆಗೆ ಹೋಗಬೇಕಾ, ಬೇಡವಾ? ಹೋದರೆ ಅವರಿಗೆ ನಾಲ್ಕು ಕಾಸು ಸಿಗುತ್ತದೆ, ಅವರ ಕಥೆಯನ್ನು ಅವರೇ ಹೇಳುತ್ತಾರೆ. ಹೋಗಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಹಳೆಯ ಜೀವನ ನೋಡಿಬಂದೆ ಅಂತ ಹೇಳಬೇಡಿ. ಅದು ಕಳೆದುಕೊಂಡವರ ಸಾಕ್ಷಿ.

ಇಲ್ಲಿ ಒಂದು ಅಡ್ಡ ಮಾತು. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2007ರ ಸೆಪ್ಟೆಂಬರ್‌ನಲ್ಲಿ ಒಂದು ಘೋಷಣೆ ಹೊರಡಿಸಿತು. 144 ದೇಶ ಪರ. ವಿರೋಧ ನಾಲ್ಕೇ: ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ಅಮೆರಿಕ. ತಮ್ಮ ಪ್ರವಾಸದ ಪೋಸ್ಟರುಗಳಲ್ಲಿ ಮೂಲನಿವಾಸಿಗಳ ಮುಖ ಹಾಕಿಕೊಳ್ಳುವ ದೇಶಗಳೇ ಇವು! ಆಮೇಲೆ ನಾಲ್ಕೂ ನಿಲುವು ಬದಲಿಸಿದವು ಅನ್ನೋದನ್ನೂ ಹೇಳಬೇಕು.

ವೇಷದ ವಿಷಯ ಬಹಳ ಜನ ಕೇಳುತ್ತಾರೆ. ಅಸಲಿಯಾ, ನಾಟಕವಾ ಅಂತ. ಫಿನ್ಲೆಂಡಿನ ಉತ್ತರದಲ್ಲಿ ಸಾಮಿ ಜನರಿದ್ದಾರೆ, ಹಿಮಸಾರಂಗ ಸಾಕುವವರು. ಅಲ್ಲಿ ಸಾಮಿ ಅಲ್ಲದವರು ಸಾಮಿ ಉಡುಪಿನಂಥದ್ದನ್ನು ತೊಟ್ಟು, ಯಾವುದೋ ಶಾಸ್ತ್ರ ಮಾಡಿ ಪ್ರವಾಸಿಗರನ್ನು ರಂಜಿಸುತ್ತಿದ್ದರು. ನಾಯಿ ಎಳೆಯುವ ಜಾರುಬಂಡಿಯನ್ನೂ ಸಾಮಿ ಸಂಪ್ರದಾಯ ಅಂತ ಮಾರಿದರು. ಅದು ಸಾಮಿಗಳದ್ದಲ್ಲ. ನಾಯಿಗಳಿಂದ ಅವರ ಹಿಮಸಾರಂಗಗಳಿಗೆ ತೊಂದರೆಯೇ ಜಾಸ್ತಿ. ಕೊನೆಗೆ 2018ರಲ್ಲಿ ಸಾಮಿ ಜನರೇ ಆರಿಸಿದ ಅಲ್ಲಿನ ಸಾಮಿ ಸಂಸತ್ತು ಪ್ರವಾಸೋದ್ಯಮಕ್ಕೆ ನೀತಿಯ ಸೂತ್ರಗಳನ್ನು ಹೊರಡಿಸಿತು.

ಇದರ ಪಕ್ಕದಲ್ಲಿ ನಮೀಬಿಯಾದ ಜು‌ಹೋನ್ಸಿ ಜನರನ್ನಿಡಿ. ಗ್ರಾಸ್‌ಹೋಕ್ ಅನ್ನೋ ಹಳ್ಳಿಯಲ್ಲಿ ಅವರೇ ಒಂದು ಜೀವಂತ ಮ್ಯೂಸಿಯಂ ನಡೆಸುತ್ತಾರೆ. ಪ್ರವಾಸಿಗರು ಬಂದಾಗ ಚರ್ಮದ ಉಡುಪು ಹಾಕುತ್ತಾರೆ, ಹೋದ ಮೇಲೆ ಪ್ಯಾಂಟು ಅಂಗಿ. ನಾಟಕ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಇದರಲ್ಲಿ ತಪ್ಪು ಕಾಣಲ್ಲ. ಏನು ತೋರಿಸಬೇಕು ಅಂತ ಅವರೇ ನಿರ್ಧರಿಸಿದ್ದಾರೆ, ದುಡ್ಡು ಅವರಿಗೇ ಬರುತ್ತದೆ. ಕಾಡಿನ ನಡಿಗೆಯಲ್ಲಿ ಮರಳಿನ ಮೇಲಿನ ಹೆಜ್ಜೆ ನೋಡಿ ಯಾವ ಪ್ರಾಣಿ, ಯಾವಾಗ ಹೋಯಿತು, ಕುಂಟುತ್ತಿತ್ತಾ ಅಂತ ಓದುವ ವಿದ್ಯೆ ಇದೆಯಲ್ಲ, ಅದಕ್ಕೆ ವೇಷ ಬೇಕಿಲ್ಲ. ಆ ನಡಿಗೆಗೆ ಗುಂಪು ಸಣ್ಣದೇ ಇರಬೇಕು. ಸಾಲಿನಲ್ಲಿ ಹದಿನೈದನೆಯವರು ನೀವಾದರೆ, ನಿಮಗೆ ಕಾಣುವುದು ಮುಂದಿನ ಹದಿನಾಲ್ಕು ಜನರ ಬೂಟಿನ ಗುರುತು ಮಾತ್ರ.

ಪ್ರಶ್ನೆಗಳಿಗೆ ಬರೋಣ.

*ಬುಕ್ ಮಾಡುವ ಮೊದಲೇ ಒಂದು ಟೂರ್ ಸರಿಯಾಗಿದೆಯಾ ಅಂತ ಹೇಗೆ ತಿಳಿಯೋದು ಮೇಡಂ?*

ನಾಲ್ಕೈದು ಪ್ರಶ್ನೆ ಕಳಿಸಿ ನೋಡಿ. ಗೈಡ್ ಆ ಜನಾಂಗದವರಾ, ಅಥವಾ ಹೊರಗಿನ ಗೈಡ್ ಅವರ ಬಗ್ಗೆ ಹೇಳುತ್ತಾರಾ? ಹಳ್ಳಿಗೆ ಹೋಗುವ ದಿನ, ಹೊತ್ತು ಯಾರು ಗೊತ್ತು ಮಾಡುತ್ತಾರೆ? ಅಲ್ಲಿ ಸಾವಾದರೆ, ಪೂಜೆ ಇದ್ದರೆ ನಮ್ಮ ಭೇಟಿ ರದ್ದಾಗುತ್ತದಾ? ಈ ಕೊನೆಯದು ನನ್ನ ನೆಚ್ಚಿನ ಪ್ರಶ್ನೆ. "ಯಾವತ್ತೂ ರದ್ದಾಗಲ್ಲ, ಗ್ಯಾರಂಟಿ" ಅಂತ ಉತ್ತರ ಬಂದರೆ ನಾನು ಹೋಗಲ್ಲ. ಹಣದ ಬಗ್ಗೆಯೂ ಕೇಳಿ. "ಸ್ಥಳೀಯರಿಗೆ ನೆರವಾಗುತ್ತೇವೆ" ಅನ್ನೋದು ಉತ್ತರ ಅಲ್ಲ. ರುವಾಂಡಾದಲ್ಲಿ ಉದ್ಯಾನವನಗಳ ಆದಾಯದ ನೂರಕ್ಕೆ ಹತ್ತು ಸುತ್ತಲಿನ ಜನಕ್ಕೆ ಅಂತ ಲೆಕ್ಕ ಇದೆ. ಹಾಗೆ ಅಂಕಿ ಹೇಳಬೇಕು.

*ಇದೆಲ್ಲ ದುಡ್ಡಿದ್ದವರ ಪ್ರವಾಸ ಅಲ್ವಾ? ಸಣ್ಣ ಗುಂಪು ಅಂದರೆ ದೊಡ್ಡ ಬಿಲ್ಲು.*

ಹೌದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಸಮಾಧಾನ ಆಗುವ ಉತ್ತರ ಇಲ್ಲ. ಜನ ಕಮ್ಮಿ, ಆದಾಯ ಅಷ್ಟೇ ಬೇಕು ಅಂದರೆ ಬೆಲೆ ಏರಲೇಬೇಕು. ಲಾಟರಿ, ಸರದಿ ಪದ್ಧತಿ ಇದಕ್ಕಿಂತ ನ್ಯಾಯವಾದದ್ದು ಅಂತ ನನಗನಿಸುತ್ತದೆ, ಆದರೆ ಅದರಿಂದ ಊರಿನ ಶಾಲೆಗೆ ದುಡ್ಡು ಬರಲ್ಲ. ಎಲ್ಲವೂ ದುಬಾರಿ ಅಂತಲೂ ಇಲ್ಲ. ಉಲುರುವಿನಲ್ಲಿ ಉದ್ಯಾನವನದ ರೇಂಜರ್ ಜೊತೆ ಮಾಲಾ ನಡಿಗೆ ಅಂತ ಇದೆ, ಪ್ರವೇಶ ಟಿಕೆಟ್ ಇದ್ದರೆ ಸಾಕು, ಅದಕ್ಕೆ ಬೇರೆ ದುಡ್ಡಿಲ್ಲ.

*ಮಕ್ಕಳಿಗೆ ಚಾಕಲೇಟು, ಪೆನ್ನು ಹಂಚಬಹುದಾ?*

ಬೇಡ. ಮಕ್ಕಳು ಶಾಲೆ ಬಿಟ್ಟು ದಾರಿಯಲ್ಲಿ ನಿಲ್ಲೋಕೆ ಶುರು ಮಾಡುತ್ತಾರೆ. ಕೊಡಲೇಬೇಕು ಅನಿಸಿದರೆ ಗೈಡ್‌ನ ಕೇಳಿ, ಊರಿನ ಹಿರಿಯರ ಕೈಗೋ ಶಾಲೆಗೋ ಕೊಡಿ. ಅದಕ್ಕಿಂತ, ಅವರು ನೇಯ್ದದ್ದು, ಕೆತ್ತಿದ್ದು ಏನಿದೆಯೋ ಅದನ್ನು ಚೌಕಾಸಿ ಮಾಡದೆ ಕೊಳ್ಳಿ.

*ನನಗೆ ಅರವತ್ತೆಂಟು. ಹತ್ತೋಕಂತೂ ಆಗಲ್ಲ. ಉಲುರು ನನ್ನಂಥವರಿಗೆ ಆಗುತ್ತಾ?*

ಧಾರಾಳವಾಗಿ. ಈಗ ಯಾರೂ ಹತ್ತುವ ಹಾಗಿಲ್ಲ, ಹಾಗಾಗಿ ನೀವೂ ಇಪ್ಪತ್ತರವರೂ ಒಂದೇ! ಬುಡದ ಸುತ್ತು ಸುಮಾರು 10 ಕಿಲೋಮೀಟರ್, ಬಹುಪಾಲು ಸಮತಟ್ಟು. ಪೂರ್ತಿ ನಡೆಯಬೇಕಾಗಿಲ್ಲ, ಚಿಕ್ಕ ಚಿಕ್ಕ ಭಾಗಗಳಿವೆ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ, ಆಗ ಅಲ್ಲಿ ಚಳಿಗಾಲ. ಬೇಸಿಗೆಯಲ್ಲಿ ಬಿಸಿಲು ವಿಪರೀತ. ಅದೇ ಉದ್ಯಾನವನದ ಕಟಾ ಜುಟಾ ಬಂಡೆಗಳ ಉದ್ದದ ದಾರಿಯನ್ನು 36 ಡಿಗ್ರಿ ಮುಟ್ಟುವ ದಿನಗಳಲ್ಲಿ ಬೆಳಗ್ಗೆ 11ಕ್ಕೇ ಮುಚ್ಚುತ್ತಾರೆ. ನೀರು ಜಾಸ್ತಿ ಇಟ್ಟುಕೊಳ್ಳಿ, ನೊಣಕ್ಕೆ ಮುಖದ ಬಲೆ ಒಂದು ಇರಲಿ, ಬೆಳಗ್ಗೆ ಬೇಗ ಶುರು ಮಾಡಿ.